ಕೊಳಗದಿಂದ ಕಿಲೋಗ್ರಾಮಿಗೆ

ಬಂಗಾರಪೇಟೆಯಿಂದ ಜೋಲಾರಪೇಟೆಗೆ ಸಾಗುವ ರೈಲುಮಾರ್ಗದ ಮೇಲಿರುವ ನಮ್ಮ ಕಾಮಸಮುದ್ರದಲ್ಲಿ, ನನ್ನ ಬಾಲ್ಯಕಾಲದಲ್ಲಿ, ಧಾನ್ಯವನ್ನು ತೂಗುವ ವಾಡಿಕೆಯೇ ಇರಲಿಲ್ಲ, ಅಳೆಯುತ್ತಿದ್ದರು. ಪಾವು, ಅಚ್ಚೇರು, ಸೇರು, ಕೊಳಗ, ಇಪ್ಪತ್ತು ಕೊಳಗಕ್ಕೊಂದು ಖಂಡುಗ ಎಂಬ ಕ್ರಮದಲ್ಲಿಯೇ ಮನೆಯ ವರ್ಷದ ಗ್ರಾಸವೂ ಆಳುಗಳ ಕೂಲಿಯೂ ಕೈಸಾಲವೂ ನಿರ್ಣಯವಾಗುತ್ತಿದ್ದುವು. ಗದ್ದೆಯ ವಿಸ್ತಾರವನ್ನು ಕೂಡ ಅದಕ್ಕೆ ಬೇಕಾಗುವ ಬಿತ್ತನೆಯ ಅಳತೆಯಿಂದಲೇ ಹೇಳುತ್ತಿದ್ದರು.

ಸುಗ್ಗಿಯಲ್ಲಿ ರಾಗಿಯನ್ನು ಒಕ್ಕಿ ತೂರಿ, ಕಣದ ನಡುವೆ ರಾಶಿ ಮಾಡಿ ಪೂಜೆ ಸಲ್ಲಿಸಿದ ತರುವಾಯ, ಅಳೆಯುವವನು ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕೂಗಿ ಸುರಿಯುತ್ತಿದ್ದನು. ಕೊಳಗದ ಕಂಠದ ಮೇಲೆ ಕಾಳು ಶಿಖರದಂತೆ ಏರಿ, ಇನ್ನು ನಿಲ್ಲಲಾರದೆ ಸುತ್ತಲೂ ಜಾರುವವರೆಗೆ ತುಂಬುವುದು ಒಂದು ಪದ್ಧತಿ. ಅಂಗೈಯಿಂದ ಸವರಿ ಸಮಮಾಡುವುದು ಇನ್ನೊಂದು. ಕೊಳ್ಳುವಾಗ ಶಿಖರವನ್ನೂ ಕೊಡುವಾಗ ಸಮತಲವನ್ನೂ ಬಯಸುವ ಕೈಗಳು ಎಲ್ಲೆಲ್ಲಿಯೂ ಇದ್ದುವು. ನಷ್ಟವು ಬಹುಪಾಲು ಕೂಲಿಯವರದೇ ಆಗುತ್ತಿತ್ತೆಂಬುದನ್ನು ಇಂದಿಗೂ ನೋವಿನಿಂದಲೇ ಸ್ಮರಿಸುತ್ತೇನೆ.

ಬೆಲ್ಲ, ಹುಣಿಸೆಹಣ್ಣುಗಳಿಗೆ ಮಾತ್ರ ತಕ್ಕಡಿ. ಅಲ್ಲಿ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ. ಅಂತಹ ನಾಲ್ವತ್ತು ಸೇರಿಗೆ ಒಂದು ಕಚ್ಚಾ ಮಣ. ಪಕ್ಕಾ ಸೇರಾದರೋ 80 ತೊಲ. ಸಮೀಪದ ಕೋಲಾರ ಚಿನ್ನದ ಗಣಿಗಳಲ್ಲಿ ಔನ್ಸಿನ ಲೆಕ್ಕ, ಪೇಟೆಯ ಅಕ್ಕಸಾಲಿಗರಲ್ಲಿ ತೊಲದ ಲೆಕ್ಕ.

1956ರ ಕಾನೂನಿನಂತೆ 1958ರ ಅಕ್ಟೋಬರಿನಿಂದ ದೇಶದಲ್ಲಿ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಗೆ ಬಂದುವು. ಅಂಗಡಿಯ ಗೋಡೆಯ ಮೇಲೆ, 80 ತೊಲದ ಸೇರಿಗೆ 933 ಗ್ರಾಂ ಎಂಬ ಪಟ್ಟಿಯೂ ಕಾಣಿಸಿಕೊಂಡಿತು. ಆದರೆ ನಮ್ಮ ಅಜ್ಜಿ ಅಂಗಡಿಯವನನ್ನು, “ಅದಿರಲಿ ಕಣಪ್ಪ, ನಮ್ಮ ಹಿತ್ತಾಳೆ ಸೇರಲ್ಲಿ ಅಳೆದ ರಾಗಿ ಎಷ್ಟು ಕಿಲೋ ಆಗುತ್ತೆ?” ಎಂದು ಕೇಳಿದಾಗ ಆ ಪಟ್ಟಿಯಿಂದ ಉತ್ತರ ದೊರೆಯಲಿಲ್ಲ. ಅವನು ಅದೇ ಸೇರಿನಲ್ಲಿ ರಾಗಿಯನ್ನೂ ಭತ್ತವನ್ನೂ ಸಿಪ್ಪೆಯ ಕಡಲೆಕಾಯಿಯನ್ನೂ ಸಮನಾಗಿ ಸವರಿ, ಒಂದೊಂದನ್ನಾಗಿ ತಕ್ಕಡಿಗಿಟ್ಟು ತೋರಿಸಿದನು: ರಾಗಿಯ ತಟ್ಟೆ ಕೆಳಗಿಳಿಯಿತು, ಭತ್ತಕ್ಕೆ ಒಂದೆರಡು ಬಟ್ಟುಗಳನ್ನು ತೆಗೆಯಬೇಕಾಯಿತು, ಕಡಲೆಕಾಯಿಯಂತೂ ಅರ್ಧದಷ್ಟೂ ತೂಗಲಿಲ್ಲ. ಕಾಳುಗಳ ನಡುವಣ ಅವಕಾಶ, ಹೊಟ್ಟು, ಒಣಗಿದ ಮಟ್ಟ ಇವೆಲ್ಲವೂ ಸೇರಿ ಪ್ರತಿಯೊಂದು ಧಾನ್ಯಕ್ಕೂ ಬೇರೆಬೇರೆ ಲೆಕ್ಕವನ್ನೇ ವಿಧಿಸುತ್ತವೆ.

ಕ್ರಮೇಣ ಕೊಳಗಗಳು ಮೂಲೆ ಸೇರಿ, ರಾಗಿಯು ಮೂಟೆಗಳಲ್ಲಿ, ಕ್ವಿಂಟಾಲಿನ ಲೆಕ್ಕದಲ್ಲಿ ಮಾರಾಟವಾಗತೊಡಗಿತು. ತಕ್ಕಡಿಯಲ್ಲಿಯೂ ವಂಚನೆಗೆ ಅವಕಾಶವುಂಟು. ಆದರೂ ಅದರ ಮುಳ್ಳು ಇಬ್ಬರಿಗೂ ಏಕಕಾಲದಲ್ಲಿ ಕಾಣುವಂಥದು, ಆದುದರಿಂದ ಬಡವನ ಪಾಲಿಗೆ ಅದೇ ಹೆಚ್ಚು ನ್ಯಾಯದ ಸಾಧನವೆಂದು ನಾನು ದೃಢವಾಗಿ ನಂಬಿದ್ದೇನೆ. ಅಡಿಗೆಮನೆಗಳಲ್ಲಿ ಪಾವು ಇನ್ನೂ ಉಳಿದಿದೆ. ಮುದ್ದೆಯ ಹಿಟ್ಟಿಗೂ ಎಸರಿನ ಅಕ್ಕಿಗೂ ಅದಕ್ಕಿಂತ ಅನುಕೂಲವಾದುದನ್ನು ಯಾರೂ ತಂದುಕೊಟ್ಟಿಲ್ಲ.

ಅಳತೆಯನ್ನು ತೂಕಕ್ಕೆ ತಿರುಗಿಸುವ ಅಜ್ಜಿಯ ಆ ಪ್ರಶ್ನೆಯೇ ಈಗ ಹಾಲಿನ ಸಹಕಾರ ಸಂಘಗಳಲ್ಲಿ ಮತ್ತೆ ತಲೆದೋರಿದೆ. ಹಸುವಿನ ಹಾಲು ಲೀಟರಿಗೆ ಸುಮಾರು 1.03 ಕಿಲೋ ತೂಗುತ್ತದೆ. ಕೊಬ್ಬು ಹೆಚ್ಚುಕಡಿಮೆಯಾದರೂ ಈ ಅಂಕಿ ಬಹಳವಾಗಿ ಕದಲುವುದಿಲ್ಲವಾದುದರಿಂದ, ರಾಗಿಗೆ ದೊರೆಯದೆಹೋದ ಏಕಗುಣಕವು ಹಾಲಿಗೆ ಸಲೀಸಾಗಿ ದೊರೆತಿದೆ.