ಕಾಲುವೆ ತೋಡಿದೆವು, ನೀರು ಬರಲಿಲ್ಲ

ಶಂಶಾಬಾದಿನಲ್ಲಿ ನಾವಿರುವ ಬಡಾವಣೆಯ ಹಿಂದೆ, ಎರಡು ಕೆರೆಗಳ ನಡುವೆ ಒಂದು ಹಳೆಯ ಕಾಲುವೆಯಿದೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹರಿಯಬೇಕು. ಇಂಥ ಸಾಲುಕೆರೆಗಳನ್ನು ಇಲ್ಲಿಯವರು ಗೊಲುಸುಕಟ್ಟು ಚೆರುವುಗಳು ಎನ್ನುತ್ತಾರೆ. ಕಾಕತೀಯರ ಕಾಲದಿಂದಲೂ ತೆಲಂಗಾಣದ ಬೇಸಾಯ ನಿಂತಿದ್ದು ಇವುಗಳ ಮೇಲೆಯೇ. ನಮ್ಮ ಕಾಲುವೆಯಲ್ಲಿ ನೀರು ಹರಿದು ಎಷ್ಟೋ ವರ್ಷಗಳಾಗಿದ್ದವು. ಅದಕ್ಕೆ ಜೀವ ತುಂಬುವ ಕೆಲಸಕ್ಕೆ ಮುಂದೆ ನಿಂತವನು ನಾನು. ಕೆಲಸ ಕೆಟ್ಟಿತು. ಅದಕ್ಕೆ ಬಹುಪಾಲು ಕಾರಣ ನನ್ನ ಆತುರ.

ದಡದ ಮೇಲೆ ನಡೆಯುವ ಹಾದಿ, ಮುದುಕರಿಗೆ ಕೂರಲು ಕಲ್ಲುಬೆಂಚು, ಮಕ್ಕಳಿಗೆ ಹಕ್ಕಿ ತೋರಿಸುವ ಜಾಗ, ಇಷ್ಟು ನಮ್ಮ ಆಸೆ. ಅಕ್ಕಪಕ್ಕದವರೆಲ್ಲ ಕೈಲಾದಷ್ಟು ಹಣ ಕೊಟ್ಟರು. ಮಳೆ ಜೋರಾಗುವ ಮೊದಲು ಮುಗಿಸಬೇಕೆಂದು ಜುಲೈ ತಿಂಗಳಲ್ಲಿ ಜೆಸಿಬಿ ತರಿಸಿದೆ. ಎರಡೂ ದಡದ ಜೊಂಡು ಒಂದೇ ದಿನದಲ್ಲಿ ನೆಲಸಮವಾಯಿತು. ಗೀಜಗ ಗೂಡು ನೇಯುವುದೂ, ನೇರಳೆ ಜಂಬುಕೋಳಿ ಜೊಂಡಿನೊಳಗೆ ಮೊಟ್ಟೆಯಿಡುವುದೂ ಮಳೆಗಾಲದಲ್ಲೇ. ನಾನು ಅದನ್ನು ತಿಳಿದೂ ತಿಂಗಳು ಲೆಕ್ಕ ಹಾಕಿರಲಿಲ್ಲ. ರಾಶಿ ಬಿದ್ದ ಜೊಂಡಿನಲ್ಲಿ ಒಡೆದ ಮೊಟ್ಟೆಗಳು ಸಿಕ್ಕಾಗ ಯಂತ್ರ ನಿಲ್ಲಿಸಲು ಹೇಳಿದೆ. ಅಷ್ಟರಲ್ಲಿ ಉಳಿಸಲು ಏನೂ ಇರಲಿಲ್ಲ. ಯಾವ ಹಕ್ಕಿಗಳಿಗಾಗಿ ಹಣ ಕೇಳಿದ್ದೆನೋ ಅವೇ ಹಾರಿಹೋದವು.

ತೆಗೆದ ಹೂಳನ್ನು ಸಾಗಿಸಲು ಹಣ ಉಳಿದಿರಲಿಲ್ಲ, ದಡದ ಮೇಲೇ ಸುರಿಸಿದೆ. ಮೊದಲ ದೊಡ್ಡ ಮಳೆಗೆ ಅರ್ಧ ಹೂಳು ಮರಳಿ ಕಾಲುವೆಗೇ ಇಳಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ ಆಳ. ಕಾಲುವೆಗೆ ಬೇಕಾದದ್ದು ಮೇಲಿಂದ ಕೆಳಗಿನವರೆಗೆ ಒಂದೇ ಸಮನಾದ ಇಳಿಜಾರು. ಮಟ್ಟ ನೋಡಿಸದೆ, ಕಣ್ಣಂದಾಜಿನಲ್ಲಿ ತೋಡಿಸಿದ್ದರಿಂದ ನಡುನಡುವೆ ಗುಂಡಿಗಳಾದವು. ಅಲ್ಲಿ ಮನೆಗಳ ಬಚ್ಚಲುನೀರು ನಿಂತಿತು. ಸೊಳ್ಳೆ ಬಂತು, ಅಂತರಗಂಗೆ ಹಬ್ಬಿತು. ಹಣ ಕೊಟ್ಟವರು ಬಾಗಿಲಿಗೆ ಬಂದು ಕೇಳಿದರು. ಅವರು ಕೇಳಿದ್ದು ನ್ಯಾಯವೇ.

ಮೇಲಿನ ಕೆರೆ ಮಾತ್ರ ಆ ವರ್ಷ ತುಂಬಿತ್ತು. ಆದರೂ ಒಂದು ಹನಿ ಇತ್ತ ಬರಲಿಲ್ಲ. ಯಾಕೆಂದು ತಿಳಿದಿದ್ದವರು ನೀರಟಿ ತಾತ. ನಮ್ಮ ಕಡೆ ನೀರಗಂಟಿ ಮಾಡುವ ಕೆಲಸವನ್ನು ಇಲ್ಲಿ ನೀರಟಿ ಮಾಡುತ್ತಿದ್ದರು: ತೂಬು ಎತ್ತುವುದು, ಗದ್ದೆಗಳಿಗೆ ನೀರು ಹಂಚುವುದು. ತಾತ ನನ್ನನ್ನು ಮೇಲಕ್ಕೆ ಕರೆದೊಯ್ದು ರಸ್ತೆಯಡಿಯ ಮೋರಿ ತೋರಿಸಿದರು. ಅದರ ಪೈಪನ್ನು ಕಾಲುವೆಯ ತಳಕ್ಕಿಂತ ಮೊಣಕಾಲೆತ್ತರ ಮೇಲೆ ಕೂರಿಸಿದ್ದರು. ಅದರಾಚೆ ಹೊಸ ಲೇಔಟಿನ ಗೋಡೆ ಕಾಲುವೆಯ ಮೇಲೆಯೇ ಎದ್ದಿತ್ತು. ನೀರು ಬೇರೆ ಕಡೆ ತಿರುಗಿ ಹಳ್ಳ ಸೇರುತ್ತಿತ್ತು.

“ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ ಸಾರೂ,” ಎಂದರು ತಾತ. “ನೀವು ಕೆಳಗಿನಿಂದ ಶುರು ಮಾಡಿದಿರಿ. ನೀರು ಮೇಲಿನಿಂದ ಬರುತ್ತದೆ.”

ಇದು ನನಗೆ ಗೊತ್ತಿರಬೇಕಾದ ವಿಷಯ. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಬಂದ ನಮ್ಮ ವಿಶ್ವೇಶ್ವರಯ್ಯನವರು ನಗರದೊಳಗಿನ ದಂಡೆಗಳನ್ನಷ್ಟೇ ನೋಡಿ ಹೋಗಲಿಲ್ಲ, ನದಿಯ ಮೇಲ್ಭಾಗದಲ್ಲಿ ನೀರು ತಡೆಯಬೇಕೆಂದರು. ಅದರಿಂದ ಹುಟ್ಟಿದ ಹಿಮಾಯತ್ ಸಾಗರ ನಮಗೆ ದೂರವಿಲ್ಲ. ಅದಕ್ಕೂ ಉಸ್ಮಾನ್ ಸಾಗರಕ್ಕೂ ನೀರು ಬರುವ ನೆಲವನ್ನು ಕಾಯಲು 1996ರಲ್ಲಿ ಸರ್ಕಾರ 111ನೇ ಆದೇಶ ಹೊರಡಿಸಿ, ಸುತ್ತಲಿನ 84 ಹಳ್ಳಿಗಳಲ್ಲಿ ಕಟ್ಟಡಗಳಿಗೆ ನಿರ್ಬಂಧ ಹೇರಿತು. ಆ ಆದೇಶವನ್ನು ಸಡಿಲಿಸಬಾರದೆಂದು ಸಭೆಗಳಲ್ಲಿ ವಾದಿಸಿದವನು ನಾನು. ನಮ್ಮ ಕಾಲುವೆಗೆ ಬಂದಾಗ ಮಾತ್ರ ತಗ್ಗನ್ನು ನೋಡಿದೆ, ಅದಕ್ಕೆ ನೀರುಣಿಸುವ ನೆಲವನ್ನು ನೋಡಲಿಲ್ಲ.

ಬೀದರಿನ ನೌಬಾದ್ ಕರೇಜಿಗೆ ಹೋದದ್ದು ಇದೆಲ್ಲ ಆದ ಮೇಲೆ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಜಂಬಿಟ್ಟಿಗೆ ಕಲ್ಲಿನಡಿ ಕೊರೆದ ಕಾಲುವೆ ಅದು. ಊರಿನವರು ಸುರಂಗ ಬಾವಿ ಎನ್ನುತ್ತಾರೆ. ಕಲ್ಲಿನ ಮೂಲಕ ಜಿನುಗಿದ ಮಳೆನೀರು ಸುರಂಗ ಸೇರಿ, ಬಹಳ ಸಣ್ಣ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಮೇಲೆ ಅಲ್ಲಲ್ಲಿ ಬಾವಿಯಂಥ ಗಾಳಿಗಂಡಿಗಳು. ಅವುಗಳಲ್ಲಿ ಹಲವು ಮಣ್ಣು, ಕಸ ತುಂಬಿ ಮುಚ್ಚಿಹೋಗಿದ್ದವು. ಕಳೆದ ದಶಕದಲ್ಲಿ ಅದನ್ನು ಶುಚಿ ಮಾಡುವ ಕೆಲಸ ನಡೆಯಿತು. ಭೂಗೋಳಶಾಸ್ತ್ರಜ್ಞ ವಲ್ಲಿಯಿಲ್ ಗೋವಿಂದನ್‌ಕುಟ್ಟಿ ಆ ಗಂಡಿಗಳ ಸಾಲು ಹಿಡಿದು ಸುರಂಗದ ಜಾಡನ್ನು ನಕಾಶೆಗೆ ಇಳಿಸಿದ್ದರು. ಗಂಡಿಯೊಂದರ ಬಾಯಲ್ಲಿ ನಿಂತು ಕೆಳಗಿನ ಕತ್ತಲೆ ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕಣ್ಣಿಗೇ ಕಾಣದ ಕಾಲುವೆಯ ಜಾಡನ್ನು ಇವರು ಹುಡುಕಿದ್ದರು. ನಮ್ಮದು ಬಯಲಲ್ಲೇ ಬಿದ್ದಿತ್ತು. ಅದರ ಉದ್ದಕ್ಕೂ ಒಮ್ಮೆ ನಡೆಯಲು ನನಗೆ ವ್ಯವಧಾನವಿರಲಿಲ್ಲ.

ಈಗ ಹಳೆಯ ಗ್ರಾಮನಕಾಶೆಯ ಪ್ರತಿ ತೆಗೆಸಿದ್ದೇವೆ, ಕಾಲುವೆ ಅದರಲ್ಲಿ ಸ್ಪಷ್ಟವಾಗಿದೆ. ಗೋಡೆ ತೆರವಾಗಲಿ, ಮೋರಿ ತಗ್ಗಿಸಲಿ ಎಂದು ಅರ್ಜಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ, ಮತ್ತೆ ಕೊಡುತ್ತೇವೆ. ಒಂದು ದಡದ ಜೊಂಡಿಗೆ ಯಾರೂ ಕೈ ಹಚ್ಚಬಾರದೆಂದು ಮಾತಾಗಿದೆ. ಇನ್ನೊಂದು ದಡದಲ್ಲಿ ಏನೇ ಕೊಯ್ದರೂ ಬೇಸಿಗೆಯಲ್ಲಿ, ಅದೂ ಕೈಯಿಂದ. ಬೆಂಚಿನ ಮಾತು ನೀರು ಬಂದ ಮೇಲೆ. ಮುಂದಿನ ಸಭೆಯನ್ನು ತಾತನ ಮನೆಯಂಗಳದಲ್ಲೇ ಇಟ್ಟುಕೊಂಡಿದ್ದೇವೆ.