ಮೈನಸ್ ಎಲ್‌ಎಮ್ ಪುರಾಣ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದು. ಇವತ್ತಿನದು ಸಿ ಕಂಪೈಲರ್ ಕಥೆ. ಅಷ್ಟಕ್ಕೇ ಓಡಿ ಹೋಗಬ್ಯಾಡ್ರಿ.....

ನಮ್ಮ ಕಾಕಾ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡ್ತಾರೆ. ಅವರ ಮಗ ಡಿಪ್ಲೊಮಾ ಕಂಪ್ಯೂಟರ್ ಸೈನ್ಸ್, ಮೊದಲ ವರ್ಷ. ಕಳೆದ ತಿಂಗಳು ಊರಿಗೆ ಹೋದಾಗ ಕಾಕಾ ಮೆಲ್ಲಗೆ ಹೇಳಿದರು, "ಇವ ಕಾಲೇಜ್ ಬಿಟ್ಟು ನನ್ನ ಜೋಡಿ ಲೇತಿಗೆ ಬರ್ತೀನಿ ಅನ್ನಾಕತ್ತಾನ. ನೀನರ ಸ್ವಲ್ಪ ಮಾತಾಡಪಾ."

ಹುಡುಗನನ್ನು ಕೇಳಿದೆ. "ಅಣ್ಣಾ, ನಿನ್ನೆ ಓಡಿದ್ದ ಪ್ರೋಗ್ರಾಮ್ ಇವತ್ತ ಓಡವಲ್ದು. ನನ್ನ ತಲಿಗೆ ಇದು ಹತ್ತಂಗಿಲ್ಲ ಬಿಡು" ಅಂದ.

ಹಳೇ ಲ್ಯಾಪ್‌ಟಾಪು, ಉಬುಂಟು. ಮೊದಲು ಸ್ಟ್ಯಾಂಡರ್ಡ್ ಐಓ ಹೆಡರೇ ಸಿಗುತ್ತಿರಲಿಲ್ಲವಂತೆ. ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜ್ ಹಾಕಿ ಅದನ್ನು ತಾನೇ ಸರಿ ಮಾಡಿಕೊಂಡಿದ್ದ. (ತಲೆಗೆ ಹತ್ತದವನು ಮಾಡೋ ಕೆಲಸವೇ ಇದು?) ಈಗಿನ ತಕರಾರು ಬೇರೆ: ವರ್ಗಮೂಲದ ಫಂಕ್ಷನ್ನಿಗೆ 'ಅನ್‌ಡಿಫೈನ್ಡ್ ರೆಫರೆನ್ಸ್'. ಮ್ಯಾಥ್ ಡಾಟ್ ಎಚ್ ಅನ್ನು ಮೂರು ಸಲ ಸೇರಿಸಿದ್ದ ಪಾಪ :)

ಮಜಾ ಇರೋದು ಇಲ್ಲೇ. ನಿನ್ನೆ ಅವನು 16ರ ವರ್ಗಮೂಲ ಅಂತ ನೇರವಾಗಿ ಬರೆದಿದ್ದ. ಸಂಖ್ಯೆ ಮೊದಲೇ ಗೊತ್ತಿದ್ದರೆ ಜಿಸಿಸಿ ಕಂಪೈಲ್ ಮಾಡುವಾಗಲೇ ಲೆಕ್ಕ ಹಾಕಿ 4 ಅಂತ ಇಟ್ಟುಬಿಡುತ್ತೆ, ಲೈಬ್ರರಿಯ ಗೊಡವೆಗೇ ಹೋಗಲ್ಲ. ಇವತ್ತು ಸಂಖ್ಯೆಯನ್ನು ಸ್ಕ್ಯಾನ್‌ಎಫ್‌ನಿಂದ ತೊಗೊಂಡ. ಈಗ ನಿಜವಾದ ಕೋಡೇ ಬೇಕು. ಅದಿರೋದು ಲಿಬ್‌ಎಮ್ ಅನ್ನೋ ಬೇರೆ ಲೈಬ್ರರಿಯಲ್ಲಿ.

ಕಾಕಾನೂ ಪಕ್ಕದಲ್ಲೇ ಕೂತಿದ್ದರು. "ಹೆಡರ್ ಅಂದ್ರ ಡ್ರಾಯಿಂಗ್ ಇದ್ದಂಗ ಕಾಕಾ. ಬೋಲ್ಟಿನ ಅಳತಿ ಅದರಾಗ ಇರತೈತಿ. ಲೈಬ್ರರಿ ಅಂದ್ರ ಬೋಲ್ಟು" ಅಂದೆ.

"ಡ್ರಾಯಿಂಗ್ ಮೂರು ಕಾಪಿ ತಗದ್ರ ಬೋಲ್ಟ್ ಬರತೈತೇನಲೇ!" ಅಂತ ಮಗನ ಬೆನ್ನಿಗೊಂದು ಗುದ್ದಿದರು.

ಕಮ್ಯಾಂಡಿನ ಕೊನೆಗೆ ಮೈನಸ್ ಎಲ್‌ಎಮ್ ಹಾಕಿದ್ದಷ್ಟೇ, ಓಡಿತು. ಕೊನೆಗೇ ಹಾಕಬೇಕು. ಲಿಂಕರ್ ಎಡದಿಂದ ಬಲಕ್ಕೆ ಓದುತ್ತೆ, ಕೇಳೋರು ಬರೋ ಮೊದಲೇ ಲೈಬ್ರರಿ ಬಂದರೆ ಬೇಡ ಅಂತ ಬಿಟ್ಟು ಮುಂದೆ ಹೋಗುತ್ತೆ. ಉಬುಂಟು 2011ರ 11.10ರಿಂದ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ವಿಂಡೋಸ್‌ನ ಮಿಂಗ್‌ಡಬ್ಲ್ಯೂನಲ್ಲಿ ಇದನ್ನು ಹೇಳದಿದ್ದರೂ ನಡೆಯುತ್ತೆ, ಹಾಗಾಗಿ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಅದೇ ಪ್ರೋಗ್ರಾಮ್ ಓಡಿತ್ತು. ಹುಡುಗ ತನ್ನನ್ನೇ ದಡ್ಡ ಅಂದುಕೊಳ್ಳೋಕೆ ಇನ್ನೇನು ಬೇಕು?

2021ರಲ್ಲಿ ಜಿಲಿಬ್‌ಸಿ 2.34 ಬಂದಾಗ ಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಗೇ ಸೇರಿಸಿದರು. ಗಣಿತ ಮಾತ್ರ ಹೊರಗೇ ಉಳಿಯಿತು! ನನಗೆ ಸಿಟ್ಟಿರೋದು ಅದರ ಮೇಲಲ್ಲ. ಹೆಡರ್ ಸೇರಿಸೋದನ್ನ ಮೊದಲ ದಿನವೇ ಬಾಯಿಪಾಠ ಮಾಡಿಸ್ತಾರೆ, ಲಿಂಕರ್ ಅಂತ ಒಬ್ಬ ಇದ್ದಾನೆ ಅಂತ ಯಾರೂ ಹೇಳೋದೇ ಇಲ್ಲ. ಹೆಡರ್ ಸಿಗದಿದ್ದರೆ ಮೈನಸ್ ದೊಡ್ಡ ಐ, ಲೈಬ್ರರಿ ಇರೋ ಜಾಗಕ್ಕೆ ಮೈನಸ್ ದೊಡ್ಡ ಎಲ್, ಅದರ ಹೆಸರಿಗೆ ಸಣ್ಣ ಎಲ್. ಹೇಳಿಕೊಡೋಕೆ ಹತ್ತು ನಿಮಿಷ ಸಾಕು.

ಕಾಲೇಜು ಬಿಡೋ ಮಾತು ಏನಾಯ್ತು ಅಂತ ನಾನೂ ಕೇಳಿಲ್ಲ, ಅವನೂ ಹೇಳಿಲ್ಲ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಒಂದು ಸ್ಕ್ರೀನ್‌ಶಾಟ್ ಬಂತು, ಸೆಗ್ಮೆಂಟೇಷನ್ ಫಾಲ್ಟ್. ಕೆಳಗೆ ಬರೆದಿದ್ದ: "ಅಣ್ಣಾ, ಈ ಸಲ ಲಿಂಕರ್ ಅಲ್ಲ. ನೀ ಹೇಳಬ್ಯಾಡ, ನಾನ ನೋಡ್ತೀನಿ."