ಹಸಿರು ಕಾರ್ಡ್

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಶಾಲಾ ಕಬಡ್ಡಿ ನಡೆಯುವುದು ಆಗಸ್ಟಿನ ಮಳೆಯಲ್ಲಿ. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಎರಡನೇ ಪಂದ್ಯದ ಹೊತ್ತಿಗೆ ತೊಳೆದು ಹೋಗಿರುತ್ತದೆ. ಕೆಸರಲ್ಲಿ ಜಾರಿದ ಹುಡುಗನ ಹಿಮ್ಮಡಿ ಅಂಕಣದ ಬದಿಯ ಪಟ್ಟಿಗೆ, ಅಂದರೆ ಲಾಬಿಗೆ, ತಾಗಿತೋ ಇಲ್ಲವೋ ಎನ್ನುವುದನ್ನು ಅಂಪೈರ್ ಆ ಕ್ಷಣದಲ್ಲೇ ಹೇಳಬೇಕು. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಎದುರಾಳಿಯನ್ನು ಮುಟ್ಟುವವರೆಗೆ ಲಾಬಿ ಅಂಕಣದ ಹೊರಗೆ, ಮುಟ್ಟಿದ ಮೇಲೆ ಒಳಗೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಮಕ್ಕಳಿಗೆ ಇದೆಲ್ಲ ಬಾಯಿಪಾಠ. ರಿವ್ಯೂ ಕೂಡ ಕೇಳುತ್ತಾರೆ. ಹಳ್ಳಿ ಶಾಲೆಯ ಮೈದಾನದಲ್ಲಿ ಕ್ಯಾಮೆರಾ ಎಲ್ಲಿಂದ ಬರಬೇಕು?

ಹಸಿರು ಕಾರ್ಡ್ ಎಂದರೆ ಎಚ್ಚರಿಕೆ. ಹಳದಿ ಬಂದರೆ ಆಟಗಾರ ಎರಡು ನಿಮಿಷ ಹೊರಗೆ. ಕೆಂಪು ಬಂದರೆ ಆ ಪಂದ್ಯವೇ ಇಲ್ಲ. ಕಬಡ್ಡಿ ಕಬಡ್ಡಿ ಎನ್ನುವುದು ಸ್ಪಷ್ಟವಾಗಿ ಕೇಳಿಸದಿದ್ದರೆ ರೈಡರನ್ನು ವಾಪಸ್ ಕರೆದು ಎಚ್ಚರಿಸಬೇಕು, ಎದುರು ತಂಡಕ್ಕೊಂದು ಅಂಕ ಕೊಡಬೇಕು. ಹದಿಮೂರು ವರ್ಷದ ಹುಡುಗನಿಗೆ ಹೇಳುವ ಆ ಮಾತು ಅವನಿಗಷ್ಟೇ ಕೇಳಿದರೆ ಸಾಕು. ಊರಿಗೆಲ್ಲ ಕೇಳುವಂತೆ ಗದರಿದರೆ ಮುಂದಿನ ರೈಡಿಗೆ ಅವನ ಕಾಲೇ ಏಳುವುದಿಲ್ಲ. ಅಂಪೈರಾಗಿ ನಾನು ಇದನ್ನು ಕಂಡಿದ್ದೇನೆ.

ಗೆರೆಯಾಚೆ ಕೂಗುವ ಮೇಷ್ಟ್ರ ವಿಷಯ ಬೇರೆ. ‘ದಮ್ ಬಿಟ್ಟಿದ್ದು ಕಾಣ್ಲಿಲ್ವಾ ಸಾರ್?’ ಎಂದು ಒಮ್ಮೆ ಕೇಳಿದರೆ ಅದು ಪ್ರಶ್ನೆ, ಉತ್ತರ ಕೊಡಬೇಕು. ಅದನ್ನೇ ಪ್ರತಿ ರೈಡಿಗೂ ಕೇಳಿದರೆ ಒತ್ತಡ ಹಾಕುವುದು. ಆಗ ನಾನು ಆಟ ನಿಲ್ಲಿಸಿ, ಹತ್ತಿರ ಹೋಗಿ, ನಿಯಮ ಯಾವುದೆಂದು ಹೇಳಿ, ಇನ್ನು ಮುಂದೆ ನಾಯಕ ಮಾತ್ರ ಕೇಳಲಿ ಎನ್ನುತ್ತೇನೆ. ಮತ್ತೂ ಕೂಗಿದರೆ ಕಾರ್ಡ್. ನಡುವೆ ವಾದವಿಲ್ಲ. ಅಂಪೈರುಗಳಿಬ್ಬರಿಗೆ ಹೊಂದದಿದ್ದರೆ ರೆಫರಿ ಇದ್ದಾರೆ; ಪ್ರೇಕ್ಷಕರನ್ನು ಕೇಳಿ ತೀರ್ಪು ಬದಲಿಸುವ ಅಂಪೈರ್ ಎರಡೂ ತಂಡಗಳಿಗೆ ದ್ರೋಹ ಮಾಡುತ್ತಾನೆ.

ಆದರೂ ಆ ಮೇಷ್ಟ್ರು ಎಲ್ಲಿಂದ ಬಂದವರೆಂದು ನೋಡಬೇಕು. ತುಮರಿ, ಬ್ಯಾಕೋಡು ಕಡೆಯ ತಂಡಗಳು ತಾಲ್ಲೂಕು ಮಟ್ಟಕ್ಕೆ ಸಾಗರಕ್ಕೆ ಬರಬೇಕಾದರೆ ಶರಾವತಿ ಹಿನ್ನೀರಿನ ಲಾಂಚನ್ನೇ ನಂಬಬೇಕಿತ್ತು. ಪಂದ್ಯ ತಡವಾದಂತೆ ಆ ಶಿಕ್ಷಕರ ದನಿ ಏರುತ್ತಿತ್ತು. ಕೊನೇ ಲಾಂಚ್ ತಪ್ಪಿದರೆ ಅಷ್ಟು ಮಕ್ಕಳನ್ನು ರಾತ್ರಿ ಎಲ್ಲಿ ಮಲಗಿಸುವುದು? ಅವರ ಸಿಟ್ಟಿನಲ್ಲಿ ನನ್ನ ತೀರ್ಪಿನ ಪಾಲು ಸಣ್ಣದು. ಅಂಥ ತಂಡದ ಪಂದ್ಯವನ್ನು ಮೊದಲು ಆಡಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. 2025ರ ಜುಲೈ 14ರಂದು ಆ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ನನಗೆ ಮೊದಲು ನೆನಪಾದದ್ದು ಆ ಮಕ್ಕಳೇ.

ಅರ್ಥ ಮಾಡಿಕೊಂಡೆ ಎಂದು ಕಾರ್ಡ್ ಜೇಬಿನಲ್ಲೇ ಉಳಿಯಬೇಕಾಗಿಲ್ಲ. ಮೇಷ್ಟ್ರು ಅಂಪೈರನ್ನು ಬೈದದ್ದನ್ನು ತಂಡದ ಮಕ್ಕಳು ಅವತ್ತೇ ಕಲಿಯುತ್ತಾರೆ, ಮುಂದಿನ ವರ್ಷ ಅವರೇ ಬೈಯುತ್ತಾರೆ.

ತಂಡ ಕರೆತರುವ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ತೀರ್ಪು ತಪ್ಪೆನಿಸಿದರೆ ನಾಯಕನನ್ನು ಕಳಿಸಿ, ಪಂದ್ಯ ಮುಗಿದ ಮೇಲೆ ನೀವೇ ಬನ್ನಿ. ಆ ಗೆರೆಯ ಹತ್ತಿರ ನಿಂತು ಮಾತಾಡೋಣ.